ಮಕ್ಕಳ ಆರಾಮ

ನಮ್ಮ ಸೀಮೆಯಲ್ಲಿ ಇಬ್ಬರು ಎದುರುಬದುರಾದರೆ ಮೊದಲು ಹೊರಡುವ ಮಾತು “ಆರಾಮ ಅದೀರಿಲ್ರೀ?” ಎಂಬುದು. ಈ ಆರಾಮವು ಪಾರಸೀ ಭಾಷೆಯ ಹಾದಿಯಿಂದ ನಮ್ಮಲ್ಲಿಗೆ ಬಂದುದು. ಕ್ಷೇಮ, ನೆಮ್ಮದಿ ಎಂದು ಅದರ ಅರ್ಥ. ಸಂಸ್ಕೃತದಲ್ಲಿಯೂ ಇದೇ ರೂಪದ ಶಬ್ದವೊಂದುಂಟು. ಮನುಷ್ಯರು ಕೈಯಾರೆ ಬೆಳೆಸಿದ ವನಕ್ಕೆ ಅಮರಸಿಂಹನು ತನ್ನ ಕೋಶದಲ್ಲಿ ಆರಾಮವೆಂದು ಹೆಸರು ಹೇಳಿದ್ದಾನೆ. ಶಬ್ದಶಾಸ್ತ್ರ ಬಲ್ಲವರ ಮತದಂತೆ ಇವೆರಡೂ ಒಂದೇ ಮೂಲದಿಂದ ಹುಟ್ಟಿದ ಅಕ್ಕತಂಗಿಯರು. ಮನಸ್ಸು ಎಲ್ಲಿ ರಮಿಸುವುದೋ ಅಲ್ಲಿ ನೆಮ್ಮದಿ. ನಾವು ದೊಡ್ಡವರ ಆರಾಮವನ್ನು ದಿನಕ್ಕೆ ಹತ್ತು ಸಲ ಕೇಳುತ್ತೇವೆ. ಮಕ್ಕಳ ಆರಾಮವು ಎಲ್ಲಿದೆ ಎಂದು ಕೇಳುವವರು ಮಾತ್ರ ಕಡಿಮೆ. ವಾಚಕರೇ, ಈ ತಿಂಗಳು ಅದನ್ನೇ ವಿಚಾರಿಸೋಣ.

ರಬಕವಿ-ಬನಹಟ್ಟಿಗಳು ನೇಕಾರರ ಊರುಗಳು. ಮಗ್ಗವಿರುವ ಮನೆಯಲ್ಲಿ ಪಡಸಾಲೆಯು ಮಗ್ಗದ ಪಾಲಾಗುವುದು. ಉಳಿದ ಜಾಗವು ನೂಲಿನ ಗಂಟಿಗೂ ಅಡಿಗೆಯ ಒಲೆಗೂ ಸಾಲದು. ವಿದ್ಯುತ್ತಿನ ಮಗ್ಗಗಳು ಬಂದ ಮೇಲಂತೂ ತಿರುಗುವ ಗಾಲಿಗಳ ಹತ್ತಿರ ಕೂಸನ್ನು ಆಡಬಿಡುವುದು ಅಪಾಯದ ಮಾತು. ಆದುದರಿಂದ ಕೂಸು ಓಣಿಗೆ ಇಳಿಯುವುದು. ಓಣಿಯು ಮೋಟಾರ್ ಸೈಕಲ್ಲುಗಳ ವಶವಾಗಿದೆ. ಜಮಖಂಡಿ, ಮುಧೋಳಗಳ ಸುತ್ತಲಿನದು ಕಬ್ಬಿನ ನಾಡು. ಕಾರಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಹೇರು ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ಬರುವ ದಾರಿಯಲ್ಲಿ ಯಾವ ತಾಯಿ ತಾನೆ ಮಗುವನ್ನು ಆಟಕ್ಕೆ ಕಳಿಸಿ ನಿಶ್ಚಿಂತಳಾಗಿ ಇರಬಲ್ಲಳು? ಬೀಳಗಿಯ ಕಡೆಗೆ ಹೋದರೆ ಕಥೆಯೇ ಬೇರೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿ, ಜನರು ಪುನರ್ವಸತಿ ಕೇಂದ್ರಗಳಲ್ಲಿ ಹೊಸ ಬಾಳು ಹೂಡಿದರು. ಮನೆಯನ್ನು ಮತ್ತೆ ಕಟ್ಟಬಹುದು, ದೇವರನ್ನು ಮತ್ತೆ ಪ್ರತಿಷ್ಠಾಪಿಸಬಹುದು. ಆದರೆ ಅಗಸಿಯ ಮುಂದಿನ ಮುದಿ ಹುಣಸೆಮರವನ್ನೂ ಅದರ ನೆರಳನ್ನೂ ಗಾಡಿಯಲ್ಲಿ ಹೇರಿಕೊಂಡು ಬರಲು ಸಾಧ್ಯವಿಲ್ಲ.

“ಶಾಲೆಗೆ ಬಯಲು ಇದೆಯಲ್ಲ” ಎಂದು ಕೆಲವರು ಅನ್ನಬಹುದು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಗೆ ಆಟದ ಬಯಲು ಬೇಕೆಂದು ವಿಧಿಸಿರುವುದು ನಿಜವೇ. ಆದರೆ ಮಕ್ಕಳ ಆಟವು ಕಳೆಯೇರುವುದು ಸಂಜೆಯ ಹೊತ್ತಿಗೆ. ಆ ಹೊತ್ತಿಗೆ ಅನೇಕ ಶಾಲೆಗಳ ಬಾಗಿಲಿಗೆ ಬೀಗ ಬಿದ್ದಿರುವುದು. ಇನ್ನೂ ಶಾಲೆಯ ಮುಖ ಕಾಣದ ಮೂರು ನಾಲ್ಕು ವರ್ಷದ ಕೂಸುಗಳ ಗತಿಯೇನು? ಅವರಿಗೆ ತಾಯಿಯ ಕೂಗು ಕೇಳುವಷ್ಟು ಹತ್ತಿರದಲ್ಲಿ, ಓಣಿಯ ಅಂಚಿನಲ್ಲಿ, ಒಂದು ತುಂಡು ನೆಲ ಬೇಕು. ಅದನ್ನು ಓಣಿಯವರೇ ಮಾಡಿಕೊಳ್ಳಬೇಕು, ಮಾಡಿಕೊಂಡು ಕಾಯಬೇಕು.

ಇದು ನಮಗೆ ಹೊಸದೇನೂ ಅಲ್ಲ. ನಾಗರಪಂಚಮಿ ಬಂದಿತೆಂದರೆ ಬೇವಿನ ಮರಕ್ಕೆ, ಹುಣಸೆಯ ಮರಕ್ಕೆ, ಮನೆಯ ತೊಲೆಗೆ ಜೋಕಾಲಿ ಬೀಳುವುದು. ಹಗ್ಗ ಹೊಸೆದು ತಂದು, ಟೊಂಗೆಯ ಗಟ್ಟಿತನವನ್ನು ನೋಡಿ, ತಾವೇ ಮೊದಲು ತೂಗಿ ಪರೀಕ್ಷಿಸಿ, ಆಮೇಲೆ ತವರಿಗೆ ಬಂದ ಅಕ್ಕತಂಗಿಯರನ್ನೂ ಮಕ್ಕಳನ್ನೂ ಕೂಡ್ರಿಸುವವರು ಓಣಿಯ ಹುಡುಗರೇ. ಅವರಿಗೆ ಪಗಾರ ಕೊಟ್ಟವರು ಯಾರು? ಹಾಗೆಯೇ ಗರಡಿಯನ್ನು ನೋಡಿರಿ. ಗರಡಿಯ ಮಟ್ಟಿಯನ್ನು ಪೈಲವಾನರು ಆಟಕ್ಕೆ ಇಳಿಯುವ ಮೊದಲು ಸನಿಕೆಯಿಂದ ಅಗೆದು, ಹೆಂಟೆ ಒಡೆದು, ಹರಳು ಆರಿಸಿ ಮೆತ್ತಗೆ ಮಾಡುವರು. ಅಗೆಯದ ಮಟ್ಟಿಯು ಕಲ್ಲಾಗಿ, ಬಿದ್ದವನ ಎಲುಬು ಮುರಿಯುವುದು. ಮಟ್ಟಿಯ ಸೇವೆಯು ಕುಸ್ತಿಯ ಮೊದಲ ಪಾಠವೆಂದು ಉಸ್ತಾದರು ಎಣಿಸುವುದು ಇದಕ್ಕಾಗಿಯೇ.

ನಮ್ಮ ಜನರ ಕೂಡಿದ ಕೈಗೆ ಎಷ್ಟು ಬಲವಿದೆ ಎಂಬುದಕ್ಕೆ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಸರಕಾರದ ಹಣಕ್ಕೆ ಕಾಯುತ್ತ ಕೂಡದೆ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿ, ತಾವೇ ದುಡಿದು, ೧೯೮೯ರಲ್ಲಿ ಕೃಷ್ಣಾನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರವೆಂದು ಅದಕ್ಕೆ ಹೆಸರಾಯಿತು. ಮೈಬೆವರಿನ ಹನಿಯು ಸಾಗರವಾದ ಆ ಹೆಸರು ಎಂಥ ಅನ್ವರ್ಥನಾಮ! ನ್ಯಾಮಗೌಡರು ೨೦೧೮ರಲ್ಲಿ ತೀರಿಕೊಂಡರು. ಅವರ ಕೆಲಸವು ನೀರಾಗಿ ಉಳಿದಿದೆ. ಮಹಾನದಿಗೆ ಒಡ್ಡು ಕಟ್ಟಿದ ಸೀಮೆಯವರಿಗೆ ಓಣಿಯ ಅಂಚಿನಲ್ಲಿ ನಾಲ್ಕು ಕಂಬ ನಿಲ್ಲಿಸುವುದು ಯಾವ ದೊಡ್ಡ ಮಾತು?

ಹೊರಗಿನ ಕೆಲವು ದೃಷ್ಟಾಂತಗಳನ್ನೂ ಹೇಳುವೆನು. ಡಾ. ಶಿವರಾಮ ಕಾರಂತರು ೧೯೩೦ರ ದಶಕದಲ್ಲಿಯೇ ಪುತ್ತೂರಿನಲ್ಲಿ ಬಾಲವನವನ್ನು ಮಾಡಿ, ಆಟ, ನಾಟಕ, ಗಿಡಮರಗಳ ನಡುವೆ ಮಕ್ಕಳು ಕಲಿಯಬೇಕೆಂಬ ಪ್ರಯೋಗ ನಡೆಸಿದರು. ಅದಕ್ಕೂ ಮೊದಲು, ೧೯೨೦ರಲ್ಲಿ, ಗುಜರಾತದ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರು ಬಾಲಮಂದಿರವನ್ನು ತೆರೆದು, ಬೆತ್ತವನ್ನು ಬದಿಗಿಟ್ಟು ಆಟವನ್ನೇ ಗುರುವನ್ನಾಗಿ ಮಾಡಿದರು. ೧೯೪೩ರಲ್ಲಿ ಡೆನ್ಮಾರ್ಕ ದೇಶವು ಜರ್ಮನರ ಕೈಯಲ್ಲಿ ಸಿಕ್ಕಿದ್ದಾಗ, ಕೋಪನ್‌ಹೇಗನ್ ನಗರದ ಎಮ್‌ಡ್ರಪ್ ಎಂಬಲ್ಲಿ ಒಂದು ವಿಚಿತ್ರವಾದ ಆಟದ ಅಂಗಳ ಹುಟ್ಟಿತು. ಸೋರೆನ್‌ಸೆನ್ ಎಂಬ ಉದ್ಯಾನಶಿಲ್ಪಿಯು, ತಾನು ಅಂದವಾಗಿ ರಚಿಸಿದ ಆಟದ ತಾಣಗಳಿಗಿಂತ ಕಟ್ಟಡದ ಕೆಲಸ ನಡೆದ ಜಾಗದಲ್ಲಿ ಹಲಗೆ, ಇಟ್ಟಿಗೆ, ಮಣ್ಣುಗಳೊಂದಿಗೆ ಆಡುವುದನ್ನೇ ಮಕ್ಕಳು ಮೆಚ್ಚುವರೆಂಬುದನ್ನು ಕಂಡು, ಅಂಥ ಸಾಮಾನುಗಳನ್ನೇ ಅವರಿಗೆ ಒದಗಿಸಿಕೊಟ್ಟನು. ಯುದ್ಧವು ಮುಗಿದ ಮೇಲೆ, ೧೯೪೬ರಲ್ಲಿ, ಅದನ್ನು ಕಂಡುಬಂದ ಇಂಗ್ಲೆಂಡಿನ ಲೇಡಿ ಅಲೆನ್ ಎಂಬ ಮಹಿಳೆಯು ಬಾಂಬು ಬಿದ್ದು ಪಾಳಾಗಿದ್ದ ಲಂಡನ್ನಿನ ಜಾಗಗಳನ್ನು ಮಕ್ಕಳಿಗೆ ಬಿಡಿಸಿಕೊಡಲು ಹೆಣಗಿದಳು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್ ಎಂಬ ಸಂಸ್ಥೆಯವರು ಸ್ವಯಂಸೇವಕರನ್ನು ಕೂಡಿಸಿಕೊಂಡು, ಸವೆದು ಬಿಸುಟ ಟೈರುಗಳಿಂದಲೇ ಅನೇಕ ಕಡೆ ಆಟದ ತಾಣಗಳನ್ನು ಕಟ್ಟಿದ್ದಾರೆ.

ಆ ಸಂಸ್ಥೆಯ ಹೆಸರಿನ ಅರ್ಥವು ಇರುವೆಯ ಹುತ್ತ ಎಂದು. ನಮ್ಮಲ್ಲಿ ಗಾದೆಯೊಂದುಂಟು: ಇರುವೆ ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತೆ. ಈ ಗಾದೆಯಲ್ಲಿಯೇ ನಾನು ಇಂದು ಹೇಳಬೇಕಾದ ಮುಖ್ಯ ಮಾತು ಅಡಗಿದೆ. ಇರುವೆಗಳು ಓಡಾಡುವವರೆಗೆ ಅದು ಇರುವೆಗಳ ಮನೆ. ಅವು ಬಿಟ್ಟುಹೋದ ದಿನವೇ ಹಾವಿಗೆ ದಾರಿ.

ಆಟದ ತಾಣವು ಕಟ್ಟುವಾಗ ಕೆಡುವುದಿಲ್ಲ, ಕಟ್ಟಿದ ಮೇಲೆ ಕೆಡುವುದು. ಕಟ್ಟುವ ದಿನದ ಉತ್ಸಾಹವನ್ನು ನೋಡಬೇಕು! ಪಟ್ಟಿ ಎತ್ತುವವರು ಕೆಲವರು, ಕುಣಿ ತೋಡುವವರು ಕೆಲವರು, ಬಣ್ಣ ಬಳಿಯುವವರು ಕೆಲವರು. ತೆಂಗಿನಕಾಯಿ ಒಡೆಯುವುದು, ಹಾರ ಬೀಳುವುದು, ಭಾಷಣಗಳಾಗುವುವು. ಮೊದಲನೆಯ ತಿಂಗಳು ಜೋಕಾಲಿಗೆ ಸರತಿಯ ಸಾಲು. ಮೂರನೆಯ ತಿಂಗಳಿಗೆ ಒಂದು ಕೊಂಡಿ ಸವೆಯುವುದು, ಯಾರೂ ನೋಡುವುದಿಲ್ಲ. ಮಳೆಗಾಲದಲ್ಲಿ ಮರಳು ಕೊಚ್ಚಿಹೋಗಿ ಜಾರುಬಂಡೆಯ ಬುಡದಲ್ಲಿ ಕೆಸರಿನ ಹೊಂಡವಾಗುವುದು. ಒಂದು ಮಗು ಬಿದ್ದು ಕೈ ಮುರಿದುಕೊಂಡಿತೆಂದರೆ ತಾಯಂದಿರು ಮಕ್ಕಳನ್ನು ಕಳಿಸುವುದನ್ನು ನಿಲ್ಲಿಸುವರು. ಮಕ್ಕಳು ಬಾರದ ಜಾಗಕ್ಕೆ ಬಳ್ಳಾರಿ ಜಾಲಿ ಬರುವುದು, ಕಸ ಬರುವುದು, ಇಸ್ಪೀಟು ಬರುವುದು, ಬಾಟಲಿ ಬರುವುದು. ಕೊನೆಗೆ “ಈ ಜಾಗಾ ಸುಮ್ಮನ ಬಿದ್ದೈತಿ” ಎಂದು ಅಳತೆಯ ಟೇಪು ಹಿಡಿದುಕೊಂಡವನು ಬರುವನು. ಹಾವು ಹುತ್ತವನ್ನು ಸೇರುವುದು ಹೀಗೆ.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಧರ್ಮಶಾಸ್ತ್ರಕಾರರು ಸತ್ಕರ್ಮಗಳನ್ನು ಇಷ್ಟ, ಪೂರ್ತ ಎಂದು ಎರಡು ಬಗೆಯಾಗಿ ವಿಂಗಡಿಸಿದರು. ಯಜ್ಞಯಾಗಾದಿಗಳು ಇಷ್ಟ. ಬಾವಿ, ಕೆರೆ, ದೇಗುಲ, ಅನ್ನದಾನ, ಆರಾಮ ಇವುಗಳಂಥ ಲೋಕೋಪಯೋಗದ ಕಾರ್ಯಗಳು ಪೂರ್ತ. ಹಳೆಯ ಶಾಸನಗಳ ಕೊನೆಗೆ ಬರುವ ಪ್ರಸಿದ್ಧ ಶ್ಲೋಕವೊಂದರ ತಾತ್ಪರ್ಯವು, ದಾನ ಕೊಡುವುದಕ್ಕಿಂತಲೂ ಕೊಟ್ಟುದನ್ನು ಪಾಲಿಸುವುದು ಶ್ರೇಷ್ಠವೆಂಬುದಾಗಿದೆ. ಅವರು ಬರಿಯ ಶ್ಲೋಕ ಬರೆಯಿಸಿ ಸುಮ್ಮನಾಗಲಿಲ್ಲ. ಕೆರೆಯ ಕೆಲಸಕ್ಕೆಂದು ಹೊಲ ಬಿಟ್ಟುಕೊಟ್ಟರು. ಇಂಥ ದತ್ತಿಗೆ ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಹೆಸರು ಬರುವುದು. ಹೂಳು ತೆಗೆಯುವ ಬಂಡಿಯ ವೆಚ್ಚಕ್ಕೆಂದೇ ಬಿಟ್ಟ ದತ್ತಿಗಳೂ ಉಂಟು. ಕೆರೆಗೆ ಹೂಳು ಬಂದೇ ಬರುವುದೆಂದು ಅವರಿಗೆ ಕೆರೆ ಕಟ್ಟುವ ದಿನವೇ ಗೊತ್ತಿದ್ದಿತು.

ಆದುದರಿಂದ ಆಟದ ತಾಣ ಮಾಡಹೊರಟವರು ಮೊದಲನೆಯ ಕುಣಿ ತೋಡುವ ಮುನ್ನವೇ ಅದರ ಬಿತ್ತುವಟ್ಟವನ್ನು ಗೊತ್ತುಪಡಿಸತಕ್ಕದ್ದು. ಕೂಡಿದ ಹಣದಲ್ಲಿ ಒಂದು ಪಾಲನ್ನು ಬದಿಗಿಟ್ಟು, ದುರಸ್ತಿಯ ಹೊರತು ಮತ್ತಾವುದಕ್ಕೂ ಮುಟ್ಟುವುದಿಲ್ಲವೆಂದು ಬರೆದಿಡಬೇಕು. ಹಣದಷ್ಟೇ ಅವಶ್ಯವಾದುದು ಪಾಳಿ. ಓಣಿಯ ಏಳು ಮನೆಗಳು ವಾರದ ಏಳು ದಿನಗಳನ್ನು ಹಂಚಿಕೊಂಡರೆ, ಒಂದು ಮನೆಗೆ ವಾರಕ್ಕೆ ಒಂದು ಗಳಿಗೆಯ ಕೆಲಸ: ಕಸ ಗುಡಿಸುವುದು, ಗಾಜಿನ ಚೂರು, ಮುಳ್ಳು ಆರಿಸುವುದು, ಗಿಡಕ್ಕೆ ನೀರು ಹಾಕುವುದು. ತಿಂಗಳಿಗೊಮ್ಮೆ, ಅಮಾವಾಸ್ಯೆಯ ದಿನ, ಕೂಡಿ ಪರೀಕ್ಷೆ ಮಾಡುವುದು. ಅಂದು ನಮ್ಮ ಒಕ್ಕಲಿಗರಲ್ಲಿ ಹಲವರು ಎತ್ತಿನ ಕೊರಳಿಗೆ ನೊಗ ಹೂಡುವುದಿಲ್ಲ. ಬಿಡುವಿನ ದಿನವು ಮಕ್ಕಳ ಪಾಲಿಗೆ ಬರಲಿ. ಸರಪಳಿಯ ಕೊಂಡಿ, ನಟ್ಟು ಬೋಲ್ಟು, ಹಗ್ಗದ ಎಳೆ, ಹಲಗೆಯ ಬಿರುಕು ಇವನ್ನು ಕೈಯಿಂದ ಮುಟ್ಟಿ ನೋಡಿ, ಒಂದು ವಹಿಯಲ್ಲಿ ತಾರೀಖು ಸಹಿತ ಬರೆದಿಡಬೇಕು. ಸವೆದ ಜೋಕಾಲಿಯನ್ನು “ನಾಳೆ ನೋಡೋಣ” ಎಂದು ಬಿಡದೆ, ಆ ಕ್ಷಣವೇ ಬಿಚ್ಚಿ ಒಳಗಿಡಬೇಕು. ಜೋಕಾಲಿಯಿಲ್ಲದ ಕಂಬದಿಂದ ಮಗುವಿಗೆ ಬೇಸರವಾಗುವುದು. ಸವೆದ ಜೋಕಾಲಿಯಿಂದ ತಲೆ ಒಡೆಯುವುದು.

ಇನ್ನು ಕಟ್ಟುವ ಕ್ರಮದಲ್ಲಿ ಗೃಹಸ್ಥರು ನೆನಪಿಡತಕ್ಕ ಕೆಲವು ಮಾತುಗಳು. ಆಟದ ತಾಣದಲ್ಲಾಗುವ ಗಾಯಗಳಲ್ಲಿ ಬಹುಪಾಲು ಮೇಲಿನಿಂದ ಬೀಳುವುದರಿಂದ ಆಗುವಂಥವು. ಆದುದರಿಂದ ಮೇಲಿನ ಬಣ್ಣಕ್ಕಿಂತ ಕೆಳಗಿನ ನೆಲವು ಮುಖ್ಯ. ಹತ್ತುವ ಸಾಧನವು ನಾಲ್ಕು ಅಡಿಗಿಂತ ಎತ್ತರವಾಗದಿರಲಿ. ಅದರ ಕೆಳಗೂ ಸುತ್ತಲೂ ಒಂದು ಅಡಿ ಆಳ ಸಡಿಲ ಮರಳಿರಲಿ. ತುಳಿತಕ್ಕೆ ಅದು ಸುಮಾರು ಒಂಬತ್ತು ಇಂಚಿಗೆ ಕೂಡುವುದು. ಗರಡಿಯ ಮಟ್ಟಿಯಂತೆ ಈ ಮರಳನ್ನೂ ಆಗಾಗ ಅಗೆದು ಸಡಿಲು ಮಾಡಬೇಕು; ನಾಯಿ ಬೆಕ್ಕುಗಳ ಹೊಲಸನ್ನು ತೆಗೆಯಬೇಕು. ಸಿಮೆಂಟಿನ ನೆಲವೂ ಫರಸಿಯೂ ನೋಡಲು ಚೊಕ್ಕಟ, ಬಿದ್ದವನಿಗೆ ವೈರಿ. ಜೋಕಾಲಿಯ ಮುಂದೆಯೂ ಹಿಂದೆಯೂ ಅದರ ಕಂಬದ ಎತ್ತರದ ಎರಡರಷ್ಟು ದೂರ ಬಯಲಿರಬೇಕು; ಇಲ್ಲವಾದರೆ ಓಡುವ ಕೂಸು ತೂಗುವ ಹಲಗೆಗೆ ಸಿಕ್ಕುವುದು. ಕಟಾಂಜನದ ಸರಳುಗಳ ನಡುವಣ ಸಂದು ಮೂರೂವರೆ ಇಂಚಿಗಿಂತ ಕಡಿಮೆ ಇರಲಿ, ಅಥವಾ ಒಂಬತ್ತು ಇಂಚಿಗಿಂತ ಹೆಚ್ಚಿರಲಿ. ಇವೆರಡರ ನಡುವಣ ಸಂದಿನಲ್ಲಿ ಕೂಸಿನ ಮೈ ನುಸುಳುವುದು, ತಲೆ ಸಿಕ್ಕಿಕೊಳ್ಳುವುದು.

ನಮ್ಮ ಎರೆನೆಲವು ಬೇಸಿಗೆಯಲ್ಲಿ ಬಾಯಿ ಬಿಡುವುದು, ಮಳೆಗಾಲದಲ್ಲಿ ಉಬ್ಬುವುದು. ಅದರಲ್ಲಿ ಮೇಲುಮೇಲೆ ನೆಟ್ಟ ಕಂಬವು ಎರಡು ವರ್ಷಕ್ಕೆ ವಾಲೀತು. ಗಟ್ಟಿ ಪದರು ಸಿಕ್ಕುವವರೆಗೆ ತೋಡಿಯೇ ಕಂಬ ನಿಲ್ಲಿಸಬೇಕು. ಚೈತ್ರ ವೈಶಾಖಗಳ ನಮ್ಮ ಬಿಸಿಲಿಗೆ ಕಬ್ಬಿಣದ ಜಾರುಬಂಡೆಯು ಕಾದ ಹಂಚಿನಂತೆ ಆಗುವುದು. ಅದನ್ನು ಉತ್ತರಕ್ಕೆ ಮುಖಮಾಡಿ ನೆರಳಿನಲ್ಲಿ ನಿಲ್ಲಿಸಬೇಕು. ನೆರಳು ಪೇಟೆಯಲ್ಲಿ ದೊರೆಯುವ ಸಾಮಾನಲ್ಲ. ಆದುದರಿಂದ ಕಂಬಕ್ಕೆ ಮೊದಲು ಬೇವು, ಹೊಂಗೆಗಳ ಸಸಿ ನೆಡಬೇಕು. ಕಣಗಿಲೆ, ಉಮ್ಮತ್ತಿಗಳು ಹೂವಿನಿಂದ ಚೆಲುವಾದರೂ ವಿಷದ ಗಿಡಗಳು; ಮಕ್ಕಳಿರುವಲ್ಲಿ ಅವು ಬೇಡ. ಟೈರುಗಳನ್ನು ಬಳಸುವವರು ಅವುಗಳ ಕೆಳಭಾಗಕ್ಕೆ ತೂತು ಕೊರೆದು ನೀರು ಇಳಿದುಹೋಗುವಂತೆ ಮಾಡಬೇಕು. ಡೆಂಗ್ಯೂ ಜ್ವರವನ್ನು ಹರಡುವ ಸೊಳ್ಳೆಗೆ ಟೈರಿನಲ್ಲಿ ನಿಂತ ಬೊಗಸೆ ನೀರೇ ತೊಟ್ಟಿಲು.

ಎಲ್ಲ ಜಾಗವನ್ನೂ ಸಾಧನಗಳಿಂದ ತುಂಬಬಾರದು. ಲಗೋರಿಗೆ, ಚಿಣಿದಾಂಡಿಗೆ, ಬುಗುರಿಗೆ, ಕುಂಟಾಟಕ್ಕೆ, ಹುತೂತೂಗೆ ಬೇಕಾದುದು ಬರಿಯ ನೆಲ. ಹೆಣ್ಣುಮಕ್ಕಳು ಬರಲು ಸಂಕೋಚಪಡದಂತೆ, ತಾಯಂದಿರೂ ಮುದುಕಿಯರೂ ಕೂಡಲು ಒಂದು ಕಟ್ಟೆಯಿರಲಿ. ಕಣ್ಣಿದ್ದ ಕಡೆಗೆ ಕಳ್ಳನಿಲ್ಲ. ಕಾಲಿಲ್ಲದ ಮಗುವಿನ ಗಾಲಿಕುರ್ಚಿ ಒಳಗೆ ಬರುವಂತೆ ಬಾಗಿಲಿನಲ್ಲಿ ಮೆಟ್ಟಿಲಿನ ಬದಲು ಇಳಿಜಾರು ಇರಲಿ. ಯಾವ ಜಾತಿಯ, ಯಾವ ಮತದ ಕೂಸಾದರೂ ಅಲ್ಲಿ ಕೂಸೇ ಎಂಬುದನ್ನು ಹಲಗೆಯ ಮೇಲೆ ಬರೆಯುವುದಕ್ಕಿಂತ ಪಾಳಿಯ ಪಟ್ಟಿಯಲ್ಲಿ ಎಲ್ಲರ ಹೆಸರು ಹಾಕುವುದು ಲೇಸು. ದೊಡ್ಡ ಮಕ್ಕಳಿಗೂ ಕೆಲಸ ಹಚ್ಚಬೇಕು. ಮಾಸ್ತರಿಕೆ ಮಾಡಿದ ಬಲದಿಂದ ಒಂದು ಮಾತು ಹೇಳಬಲ್ಲೆನು: ತಾನು ನೀರೆರೆದ ಗಿಡವನ್ನು ಹುಡುಗನು ಮುರಿಯುವುದಿಲ್ಲ, ಇನ್ನೊಬ್ಬನು ಮುರಿಯಹೋದರೆ ಬಿಡುವುದೂ ಇಲ್ಲ.

ನೆಲದ ವಿಚಾರ ಹೇಳದಿದ್ದರೆ ಈ ಲೇಖನವು ಅಪೂರ್ಣವಾಗುವುದು. ಮಂಜೂರಾದ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಜಾಗ ಬಿಟ್ಟಿರುವರು. ಅದು ಎಲ್ಲಿದೆಯೆಂದು ಓಣಿಯವರಿಗೇ ಗೊತ್ತಿರುವುದಿಲ್ಲ. ಸ್ಥಳೀಯ ಆಡಳಿತದ ಕಚೇರಿಯಲ್ಲಿ ನಕ್ಷೆಯ ಪ್ರತಿಯನ್ನು ಕೇಳಿರಿ. ೨೦೦೫ರ ಮಾಹಿತಿ ಹಕ್ಕಿನ ಕಾಯಿದೆಯು ಇರುವುದು ಇಂಥ ಕೆಲಸಕ್ಕಾಗಿಯೇ. ಉದ್ಯಾನ, ಆಟದ ಬಯಲು, ತೆರೆದ ಜಾಗಗಳ ಸಂರಕ್ಷಣೆಗೆಂದು ಕರ್ನಾಟಕದಲ್ಲಿ ೧೯೮೫ರ ಕಾಯಿದೆಯುಂಟು. ಬೆಂಗಳೂರಿನ ಸದಾಶಿವನಗರದ ಕಡೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಆಸ್ಪತ್ರೆ ಕಟ್ಟಲು ಒಂದು ಖಾಸಗಿ ಟ್ರಸ್ಟಿಗೆ ಕೊಟ್ಟಾಗ, ನೆರೆಹೊರೆಯ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿವಾಸಿಗಳ ಪಕ್ಷವನ್ನೇ ಎತ್ತಿಹಿಡಿಯಿತು. ಆಸ್ಪತ್ರೆಯು ಒಳ್ಳೆಯದೇ, ಆದರೆ ಮಕ್ಕಳು ಉಸಿರಾಡುವ ಜಾಗವನ್ನು ಕಸಿದು ಅದನ್ನು ಕಟ್ಟಲಾಗದು ಎಂಬುದು ಆ ತೀರ್ಪಿನಿಂದ ನಾವು ಕಲಿಯುವ ಪಾಠ. ೧೯೮೯ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ೩೧ನೆಯ ವಿಧಿಯು ಆಟವನ್ನು ಮಗುವಿನ ಹಕ್ಕೆಂದು ಹೇಳಿದೆ; ಭಾರತವು ೧೯೯೨ರಲ್ಲಿ ಅದಕ್ಕೆ ಒಪ್ಪಿಗೆಯಿತ್ತಿದೆ.

“ಇದೆಲ್ಲ ಸರಕಾರದ ಕೆಲಸ, ನಮಗ್ಯಾಕ ಬೇಕ್ರೀ?” ಎಂಬ ಮಾತು ಬರುವುದು ಸಹಜ. ಸರಕಾರದ ಹೊಣೆಯನ್ನು ಬಿಟ್ಟುಕೊಡಬೇಕೆಂದು ನಾನು ಹೇಳುವುದಿಲ್ಲ. ನೆಲ, ಬೇಲಿ, ನೀರಿನ ನಳ, ದೀಪ ಇವನ್ನು ಗಟ್ಟಿಯಾಗಿ ಕೇಳಿ ಪಡೆಯಬೇಕು. ಮಾಡುವ ಕೆಲಸಕ್ಕೆ ಬರಹದ ಒಪ್ಪಿಗೆಯನ್ನೂ ಪಡೆಯಬೇಕು. ಆದರೆ ಇಂದು ಸಂಜೆ ಸಡಿಲಾದ ಕೊಂಡಿಯನ್ನು ಕಚೇರಿಯ ಕಾಗದವು ನಾಳೆ ಬೆಳಿಗ್ಗೆ ಬಿಗಿಮಾಡಲಾರದು. ಅದನ್ನು ಮಾಡಬಲ್ಲವನು ಪಾನಾ ಹಿಡಿದ ನೆರೆಮನೆಯವನೇ.

ಶ್ರಾವಣವು ಬಂದಾಗ ಜೋಕಾಲಿ ಕಟ್ಟಲು ನಮಗೆ ಯಾರೂ ಹೇಳಬೇಕಾಗುವುದಿಲ್ಲ. ಪಂಚಮಿಯ ಜೋಕಾಲಿಯನ್ನು ಹಬ್ಬ ಕಳೆದ ಮೇಲೆ ಬಿಚ್ಚಿಡುವೆವು. ಮಕ್ಕಳ ಬಾಲ್ಯಕ್ಕೆ ಮಾತ್ರ ಹನ್ನೆರಡು ತಿಂಗಳೂ ಶ್ರಾವಣ. ಆ ಹಗ್ಗವನ್ನು ವರ್ಷವಿಡೀ ಕಾಯುವ ಏಳು ಮನೆಗಳು ನಿಮ್ಮ ಓಣಿಯಲ್ಲಿ ಉಂಟೇ? ಇಂದೇ ಎಣಿಸಿರಿ. ಉಂಟೆಂದಾದರೆ ಸನಿಕೆ ಹಿಡಿಯಿರಿ. ಇಲ್ಲವೆಂದಾದರೆ ಮೊದಲು ಆ ಏಳು ಮನೆಗಳನ್ನು ಕೂಡಿಸಿರಿ. ಕಂಬ ನಿಲ್ಲಿಸುವ ಕೆಲಸವು ಆಮೇಲೆ.